ಕೊನೇ ಡ್ರೈವ್ ಆಫ್ ಮಾಡಿದ್ರೆ ಮಧ್ಯದ ಸ್ಟೇಷನ್ ಯಾಕೆ ಬೀಳುತ್ತೆ?

ಫ್ಯಾಕ್ಟರಿ ಮೆಷಿನ್‌ಗಳನ್ನ ಕಂಟ್ರೋಲರ್ ಜೊತೆ ಮಾತಾಡಿಸೋ ಕೇಬಲ್ ಜಾಲವೇ ಪ್ರೊಫಿಬಸ್ ಡಿಪಿ. ಆ ಲೈನಲ್ಲಿ ಬಿಎಫ್ (ಬಸ್ ಫಾಲ್ಟ್, ಅಂದ್ರೆ ಸಂಪರ್ಕದಲ್ಲಿ ತೊಂದರೆ) ಲೈಟ್ ಕೆಂಪಗೆ ಮಿನುಗಿದ ತಕ್ಷಣ ಎಲ್ರೂ ಲ್ಯಾಪ್‌ಟಾಪ್ ತೆಗೆದು ಪಿಎಲ್‌ಸಿ (ಮೆಷಿನ್‌ಗಳನ್ನ ನಡೆಸೋ ಕಂಟ್ರೋಲರ್) ಪ್ರೋಗ್ರಾಂ ಹುಡುಕೋಕೆ ಕೂತ್ಬಿಡ್ತಾರೆ. ನಿನ್ನೆವರೆಗೂ ಸರಿಯಾಗಿ ಓಡ್ತಿದ್ದ ಲೈನ್ ಇವತ್ತು ಕೈಕೊಡ್ತು ಅಂದ್ರೆ ನಾನಂತೂ ಮೊದಲು ಮಲ್ಟಿಮೀಟರ್ ಎತ್ಕೋತೀನಿ.

ಈ ಬಸ್ಸಲ್ಲಿ ಎಲ್ಲಾ ಡಿವೈಸ್‌ಗಳೂ ಒಂದೇ ಜೋಡಿ ವೈರ್ ಮೇಲೆ ಇರ್ತವೆ, ಎ ಅಂದ್ರೆ ಹಸಿರು, ಬಿ ಅಂದ್ರೆ ಕೆಂಪು. ಮೇಷ್ಟ್ರು ಹಾಜರಿ ಕೂಗ್ದಂಗೆ ಮಾಸ್ಟರ್ (ಸಾಮಾನ್ಯವಾಗಿ ಪಿಎಲ್‌ಸಿ) ಒಂದೊಂದೇ ಅಡ್ರೆಸ್ ಕರೀತಾ ಹೋಗುತ್ತೆ, ಕರೆದಾಗ ಮಾತ್ರ ಸ್ಲೇವ್ (ಆ ಅಡ್ರೆಸ್‌ನ ಡಿವೈಸ್) ಉತ್ತರ ಕೊಡುತ್ತೆ. ಯಾರೂ ಮಾತಾಡ್ದೇ ಇರೋವಾಗ್ಲೂ ಲೈನ್ ತೇಲಾಡಬಾರದು, ಅದಕ್ಕೇ ಎರಡೂ ತುದೀಲಿ ಟರ್ಮಿನೇಟರ್ ಅನ್ನೋ ರೆಸಿಸ್ಟರ್ ಗುಂಪು, 5 ವೋಲ್ಟಿಂದ ಬಿಗೆ 390 ಓಮ್, ಬಿ-ಎ ಮಧ್ಯೆ 220, ಎಯಿಂದ ಗ್ರೌಂಡಿಗೆ ಇನ್ನೊಂದು 390. ಸಿಗ್ನಲ್ ತುದಿಗೆ ಬಡಿದು ವಾಪಸ್ ಬರದಂಗೆ ತಡೆಯೋದೂ ಇದೇ.

ನಾವು ನೋಡ್ಕೋತಿದ್ದ ಒಂದು ಕನ್ವೇಯರ್ ಲೈನಲ್ಲಿ ವಿಚಿತ್ರ ತೊಂದರೆ ಇತ್ತು. ಕೊನೇ ಡ್ರೈವನ್ನ (ಮೋಟರ್ ಓಡಿಸೋ ಡಿವೈಸ್) ಬೆಲ್ಟ್ ಕೆಲಸಕ್ಕೆ ಅಂತ ಕರೆಂಟ್ ತೆಗೆದು ಐಸೊಲೇಟ್ ಮಾಡಿದಾಗೆಲ್ಲ ಅದಕ್ಕೆ ಸಂಬಂಧವೇ ಇಲ್ಲದ ಮಧ್ಯದ ಸ್ಟೇಷನ್‌ಗಳು (ಲೈನಿನ ಬೇರೆ ಡಿವೈಸ್‌ಗಳು) ಬೀಳೋವು, ಅಂದ್ರೆ ಸಂಪರ್ಕ ಕಳ್ಕೊಳ್ಳೋವು, ತಾವಾಗೇ ಎದ್ದೇಳೋವು, ಮತ್ತೆ ಬೀಳೋವು, ಡ್ರೈವ್ ಆನ್ ಮಾಡಿದ್ರೆ ಎಲ್ಲಾ ಸರಿ! ಕಾರಣ ಏನಂದ್ರೆ ಆ ತುದಿ ಕನೆಕ್ಟರ್‌ನ ಟರ್ಮಿನೇಟರ್‌ಗೆ 5 ವೋಲ್ಟ್ ಬರೋದು ಅದೇ ಡ್ರೈವ್ ಒಳಗಿಂದ, ಡ್ರೈವ್ ಸತ್ರೆ ಕನೆಕ್ಟರ್ ಮೇಲಿನ ಟರ್ಮಿನೇಷನ್ ಸ್ವಿಚ್ ಆನ್ ಇದ್ರೂ ಟರ್ಮಿನೇಷನ್ ಅರ್ಧ ಸತ್ತಂಗೇ. ತುದೀಲಿ ಸ್ವಂತ ಸಪ್ಲೈ ಇರೋ ಆಕ್ಟಿವ್ ಟರ್ಮಿನೇಟರ್ ಹಾಕಿ, ಡ್ರೈವ್ ಕನೆಕ್ಟರ್ ಸ್ವಿಚ್ ಆಫ್ ಮಾಡಿದ್ಮೇಲೆ ಡ್ರೈವ್ ಆಫ್ ಮಾಡಿದ್ರೂ ಲೈನ್ ಅಲ್ಲಾಡಲಿಲ್ಲ.

ಹೊಸಬರು ಇನ್ನೊಂದು ಗಮನಿಸಿ, ಮಧ್ಯದ ಕನೆಕ್ಟರಲ್ಲಿ ಯಾರಾದ್ರೂ ಆ ಸ್ವಿಚ್ ಆನ್ ಮಾಡಿಟ್ಟಿದ್ರೆ ಸಾಮಾನ್ಯವಾಗಿ ಮುಂದಕ್ಕೆ ಹೋಗೋ ಕೇಬಲ್ಲೇ ಕಟ್ ಆಗುತ್ತೆ, ಅಲ್ಲಿಂದಾಚೆ ಎಲ್ಲಾ ಸ್ಟೇಷನ್ ಒಟ್ಟಿಗೇ ಕಾಣೆ. ಚೆಕ್ ಮಾಡೋದು ಸುಲಭ. ಕನೆಕ್ಟರ್‌ಗಳನ್ನೆಲ್ಲ ಡಿವೈಸಿಂದ ಬಿಚ್ಚಿ ಎ-ಬಿ ಮಧ್ಯೆ ಅಳೀರಿ, ಎರಡೂ ತುದಿ ಸ್ವಿಚ್ ಆನ್ ಇದ್ರೆ ಸುಮಾರು 110 ಓಮ್ ಬರ್ಬೇಕು, 220 ಹತ್ರ ಬಂದ್ರೆ ಒಂದು ತುದಿ ಇಲ್ಲ ಅಥವಾ ಮಧ್ಯೆ ಎಲ್ಲೋ ವೈರ್ ಕಟ್ಟಾಗಿದೆ.