ಮುಖ ಮುಂದಾಗಿ ಹುಟ್ಟಿದ ಕೂಸು

20 ಜನವರಿ 2026, ಮಂಗಳವಾರ
ಕಲಬುರಗಿ

ಬಾಣಂತಿ ವಾರ್ಡಿನಲ್ಲಿ ಇವತ್ತು ಒಂದೇ ಮಂಚದ ಸುತ್ತ ಗುಂಪು. ಚೊಚ್ಚಲ ಹೆರಿಗೆ, ರಾತ್ರಿ ಆದದ್ದು. ಕೂಸಿನ ತುಟಿ ಊದಿ ಮುಂದೆ ಬಂದಿವೆ, ರೆಪ್ಪೆ ತೆರೆಯುತ್ತಿಲ್ಲ, ಕೆನ್ನೆ ನೇರಳೆ ಹಣ್ಣಿನ ಬಣ್ಣ.

"ಗ್ರಹಣದಾಗ ಹೊರಗ ಬಂದಿದ್ಲ್ರೀ ಸಿಸ್ಟರ್, ಬ್ಯಾಡ ಅಂದ್ರ ಕೇಳಲಿಲ್ಲ" ಅಂದರು ಅತ್ತೆ. ಸೆಪ್ಟೆಂಬರ್ 7ರ ಚಂದ್ರಗ್ರಹಣದ ಮಾತು. ಸೊಸೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಹೊಲಿಗೆಯ ನೋವೇ ಆರದವಳ ಮೇಲೆ ಇದನ್ನೂ ಹೊರಿಸುತ್ತಾರಲ್ಲ ಎಂದು ನನಗೆ ಸಿಟ್ಟೇ ಬಂತು.

ಅವಳಿಗೂ ಕೇಳಿಸುವ ಹಾಗೆ ಹೇಳಿದೆ. ಕೂಸು ಸಾಮಾನ್ಯವಾಗಿ ಗದ್ದ ಎದೆಗೊತ್ತಿಕೊಂಡು ನೆತ್ತಿ ಮುಂದಾಗಿ ಬರುತ್ತದೆ. ಇದರ ಕತ್ತು ಹಿಂದಕ್ಕೆ ಬಾಗಿತ್ತು, ಮುಖವೇ ಮೊದಲು ಬಂತು. ಒತ್ತಡವೆಲ್ಲ ಅಲ್ಲೇ ಬಿದ್ದು ನೀರು ತುಂಬಿದೆ, ರಕ್ತ ಕಂದಿದೆ. ಬಾವು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಉಸಿರಿಗೆ ತೊಂದರೆಯಾಗುತ್ತದೋ ಎಂದು ಮೊದಲ ದಿನ ಕಣ್ಣಿಟ್ಟಿರಬೇಕು, ಇಟ್ಟಿದ್ದೇವೆ. ಬಾಯಿ ತೆರೆದು ತೋರಿಸಿದೆ: ನಾಲಿಗೆ ಕೆಂಪಗಿದೆ. ನಾಲಿಗೆಯೂ ನೀಲಿಯಾಗಿದ್ದರೆ ಮಾತು ಬೇರೆ, ಅದು ಆಮ್ಲಜನಕದ ಕೊರತೆ.

ಅಷ್ಟರಲ್ಲಿ ಅಜ್ಜಿ ಎಣ್ಣೆ ಬಟ್ಟಲು ತೆಗೆದಿದ್ದರು. "ತಿಕ್ಕಿ ಬಾವು ಇಳಸ್ತೀನವ್ವ."

"ಬ್ಯಾಡ್ರಿ ಆಯಿ, ಮಾರಿಗಿ ಕೈ ಹಚ್ಚಬ್ಯಾಡ್ರಿ. ಶಾಖನೂ ಬ್ಯಾಡ."

ಆಯಿ ಮುನಿಸಿಕೊಂಡರು. ಅವರ ಕೈಯಲ್ಲಿ ಎಷ್ಟೋ ಕೂಸುಗಳು ಬೆಳೆದಿವೆ, ನಿಜ. ಆದರೆ ಕಂದಿದ ಚರ್ಮವನ್ನು ತಿಕ್ಕಿದರೆ ಗಾಯ ಹೆಚ್ಚುತ್ತದೆ. ಹೆರಿಗೆಯಲ್ಲಿ ಕೆಲವು ಕೂಸುಗಳ ತಲೆಯ ಮೇಲೆ ಏಳುವ ಗಂಟಿಗೂ ಇದೇ ಮಾತು. ಹುಟ್ಟುವಾಗಲೇ ಇರುವ ಮೆತ್ತನೆಯ ಊತ ಎರಡು ಮೂರು ದಿನದಲ್ಲಿ ಹೋಗುತ್ತದೆ. ಕೆಲವು ಗಂಟೆಗಳ ಮೇಲೆ ಒಂದೇ ಎಲುಬಿನ ಮೇಲೆ ಎದ್ದ ರಕ್ತದ ಗಂಟು ಕರಗಲು ವಾರಗಳೇ ಬೇಕು, ಅದನ್ನು ಸೂಜಿಯಿಂದ ತೆಗೆಸಲೂ ಬಾರದು. ಊತ ಕಿವಿ, ಕುತ್ತಿಗೆಯ ತನಕ ಹರಡಿ ಕೂಸು ಬಿಳಿಚಿಕೊಂಡರೆ ಮಾತ್ರ ಒಂದು ಕ್ಷಣವೂ ಕಾಯುವಂತಿಲ್ಲ.

ನನಗೆ ಈಗ ಚಿಂತೆ ಕಾಮಾಲೆಯದು. ಕಂದಿದ ಜಾಗದ ರಕ್ತ ಒಡೆದು ಬಿಲಿರುಬಿನ್ ಎಂಬ ಹಳದಿ ವಸ್ತು ಆಗುತ್ತದೆ, ಎಳೆ ಲಿವರಿಗೆ ಅದನ್ನು ಹೊರಹಾಕುವ ಶಕ್ತಿ ಕಡಿಮೆ. ಹಳದಿ ಮೊದಲು ಕಾಣುವುದೇ ಮುಖದಲ್ಲಿ. ಈ ಕೂಸಿನ ಮುಖದಲ್ಲಿ ಅದು ಹೇಗೆ ಕಂಡೀತು? ಕಣ್ಣೂ ಮುಚ್ಚಿವೆ. ಹಗಲು ಬೆಳಕಿನಲ್ಲಿ ಎದೆ, ಹೊಟ್ಟೆಯ ಚರ್ಮವನ್ನು ಬೆರಳಿನಿಂದ ಒತ್ತಿ ನೋಡುವುದನ್ನು ತಾಯಿಗೆ ಕಲಿಸಿದೆ. ಅಂಗಾಲಿಗೆ ಹಳದಿ ಇಳಿದರೆ ತಕ್ಷಣ ಆಸ್ಪತ್ರೆಗೆ ಬರಬೇಕು, ಎಳೆಬಿಸಿಲು ಕಾಮಾಲೆಗೆ ಆಸ್ಪತ್ರೆಯಲ್ಲಿ ಕೊಡುವ ನೀಲಿ ದೀಪದ ಚಿಕಿತ್ಸೆಗೆ ಬದಲಲ್ಲ ಎಂದೂ ಹೇಳಿದೆ. ಮನೆಗೆ ಹೋದ ಮೇಲೆ ಆಶಾ ಕಾರ್ಯಕರ್ತೆ ಬಂದಾಗ ಕೂಸನ್ನು ಬಿಚ್ಚಿ ತೋರಿಸಬೇಕು.

ಊದಿದ ತುಟಿಗೆ ಮೊಲೆ ಹಿಡಿಯಲಾಗುತ್ತಿಲ್ಲ. ಹಾಲು ಹಿಂಡಿ ಚಮಚದಲ್ಲಿ ಕುಡಿಸಿದೆವು. ಹಾಲು ಹೊಟ್ಟೆಗೆ ಹೋದಷ್ಟೂ ಬಿಲಿರುಬಿನ್ ಮಲದಲ್ಲಿ ಹೊರಹೋಗುತ್ತದೆ. ಚಮಚ ಹಿಡಿಯುವ ಕೆಲಸ ಆಯಿಗೇ ಕೊಟ್ಟೆ. ಬೆಳಿಗ್ಗೆ ರಕ್ತ ಪರೀಕ್ಷೆ ಬರೆದಿದ್ದಾರೆ. ರಿಪೋರ್ಟ್ ಬರುವ ತನಕ ಡಿಸ್ಚಾರ್ಜ್ ಕೇಳಬೇಡಿ ಎಂದು ಅತ್ತೆಯನ್ನು ಒಪ್ಪಿಸಿ ಬಂದೆ.