ಅಪ್ಪನ ಚೀಫ್ ಇದ್ದ ಬಂಗಲೆ

1979ರಲ್ಲಿ ಮೊದಲ ಜಾಗ್ವಾರ್ ವಿಮಾನಗಳು ಬಂದಿಳಿದಾಗ ಅಪ್ಪ ಅಂಬಾಲಾದಲ್ಲಿ ಏರ್‌ಫೋರ್ಸ್ ಫಿಟ್ಟರ್. ಆಗ ವಾಯುಪಡೆಯ ಮುಖ್ಯಸ್ಥರಾಗಿದ್ದವರು ಇದ್ರಿಸ್ ಹಸನ್ ಲತೀಫ್. ಅಪ್ಪನ ಬಾಯಲ್ಲಿ ಅವರು ಈಗಲೂ 'ಚೀಫ್'. ನಿವೃತ್ತಿಯ ಮೇಲೆ, 1982ರಿಂದ 85ರವರೆಗೆ, ಅವರು ಮಹಾರಾಷ್ಟ್ರದ ರಾಜ್ಯಪಾಲರು. ಆಮೇಲೆ ಫ್ರಾನ್ಸ್‌ಗೆ ರಾಯಭಾರಿ. ಕಲಬುರಗಿಯಿಂದ ಮುಂಬೈ ಬಳಿಯ ಡೊಂಬಿವಲಿಯ ನನ್ನ ಮನೆಗೆ ಬಂದ ಅಪ್ಪ, ಚೀಫ್ ಇದ್ದ ರಾಜಭವನ ನೋಡಲೇಬೇಕು ಎಂದು ಹಟ ಹಿಡಿದರು. ಆನ್‌ಲೈನ್ ಬುಕ್ ಮಾಡಿ, ನಸುಕಿನಲ್ಲೇ ಮಲಬಾರ್ ಹಿಲ್ ಸೇರಿದೆವು.

ಗೈಡ್ ಬಂಕರ್ ತೋರಿಸಲು ಮುಂದೆ ನಡೆದ. ಅಪ್ಪ ಸಮುದ್ರದ ಕಡೆಯ ಕಟಾಂಜನ ಹಿಡಿದು ನಿಂತೇಬಿಟ್ಟರು. ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದರು, ಆ ಸೆಕೆಯಲ್ಲೂ. ಅಲ್ಲೇ 1947ರ ಮಾತು ತೆಗೆದರು. ಪಡೆ ಹಂಚಿಹೋಗುವಾಗ ಗೆಳೆಯರಾದ ಅಸ್ಗರ್ ಖಾನ್, ನೂರ್ ಖಾನ್ ಪಾಕಿಸ್ತಾನಕ್ಕೆ ಬಾ ಎಂದು ಕರೆದರು. ಇಬ್ಬರೂ ಮುಂದೆ ಅಲ್ಲಿನ ವಾಯುಪಡೆಯ ಮುಖ್ಯಸ್ಥರಾದವರು. ಲತೀಫ್ ಹೋಗಲಿಲ್ಲ. ಅವರ ಊರು ಹೈದರಾಬಾದ್ ಆಗಿನ್ನೂ ಭಾರತಕ್ಕೆ ಸೇರಿರಲೇ ಇಲ್ಲ! ನಿಜಾಮನ ಸೀಮೆಯವರಾದ ನಮಗೆ ಇದರ ತೂಕ ಗೊತ್ತು. ರಾಜ್ಯಪಾಲಗಿರಿ, ರಾಯಭಾರ ಎಲ್ಲಕ್ಕಿಂತ ನನಗೆ ಆ ನಿರ್ಧಾರವೇ ದೊಡ್ಡದು.

ನಮ್ಮಜ್ಜ ನಿಜಾಮನ ಪರ ನಿಂತ ರಜಾಕಾರರ ಹಾವಳಿಯಲ್ಲಿ ಆಳಂದದ ಹೊಲಮನೆ ಬಿಟ್ಟು ಸೊಲ್ಲಾಪುರಕ್ಕೆ ಓಡಿದವರು. ಕೊನೆಯವರೆಗೂ ಆ ಸಿಟ್ಟು ಅವರಿಗೆ ಇಳಿಯಲಿಲ್ಲ. ಅಂಥ ಮನೆಯಲ್ಲಿ ಚೀಫ್ ಫೋಟೊ ಹೇಗೆ ಗೋಡೆಗೇರಿತು ಎಂದು ಕೇಳಿದೆ.

"ನಾನೇ ಮೊಳಿ ಹೊಡದೆ. ನಿಮ್ಮಜ್ಜ ನೋಡಿದ್ರು, ಏನೂ ಅನಲಿಲ್ಲ. ನಮ್ಮ ಕಡಿಯವ್ರು ಅಂತ ಹೇಳಿದ್ದೆ."

ಅಜ್ಜ ಸುಮ್ಮನಿದ್ದರೆಂಬುದನ್ನು ನಾನು ಮೊದಲ ಸಲ ಕೇಳಿದ್ದು. ಅವರನ್ನು ಇನ್ನಷ್ಟು ಮಾತಾಡಿಸಬೇಕಿತ್ತು ಅನ್ನಿಸಿತು.

ವಾಪಸ್ ಬರುವಾಗ ಲೋಕಲ್ ಸಯನ್ ದಾಟುತ್ತಿತ್ತು. ಕಿಟಕಿಯಾಚೆ ಧಾರಾವಿ ತೋರಿಸಿ, ಲತೀಫರ ಹೆಂಡತಿ ಬಿಲ್ಕೀಸ್ ಇಲ್ಲಿ ಬಡವರ ನಡುವೆ ಕೆಲಸ ಮಾಡಿದವರು, 2009ರಲ್ಲಿ ಪದ್ಮಶ್ರೀ ಬಂತು ಎಂದೆ. ಬಿಲ್ಕೀಸರ ತಂದೆ ಅಲಿ ಯಾವರ್ ಜಂಗ್ ಕೂಡ 1971ರಿಂದ 76ರವರೆಗೆ ಇದೇ ರಾಜಭವನದಲ್ಲಿ ರಾಜ್ಯಪಾಲರಾಗಿದ್ದರು. ಅಪ್ಪನಿಗೆ ಇದು ಹೊಸ ಸುದ್ದಿ. ಕಲ್ಯಾಣ ಬರುವವರೆಗೂ ಕೇಳುತ್ತಲೇ ಹೋದರು. ಡೊಂಬಿವಲಿ ಹಿಂದಾದದ್ದು ಇಬ್ಬರಿಗೂ ತಿಳಿಯಲಿಲ್ಲ.