ಎರಡನೇ ಟ್ರಿಪ್

ನಮ್ಮ ಪಿ.ಟಿ. ಮಾಸ್ತರರಿಗೆ ನಾವು ಇಟ್ಟ ಹೆಸರು ಹೆಲಿಕಾಪ್ಟರ್ ಸರ್. ವಾಯುಪಡೆಯಲ್ಲಿ ಟೆಕ್ನಿಷಿಯನ್ ಆಗಿದ್ದವರು. ಕೊನೆಯ ಪೋಸ್ಟಿಂಗ್ ಬೆಳಗಾವಿ ಪಕ್ಕದ ಸಾಂಬ್ರಾ ವಾಯುನೆಲೆ. ಬೆಳಗಾವಿ ಹಿಡಿಸಿತು, ನಿವೃತ್ತಿ ಆದ ಮೇಲೆ ಟಿಳಕವಾಡಿಯಲ್ಲೇ ಮನೆ ಮಾಡಿ ನಮ್ಮ ಶಾಲೆಗೆ ಬಂದರು. ಇಲ್ಲಿನ ಮಳೆಗಾಲ ಗೊತ್ತಲ್ಲ, ಮೈದಾನವೆಲ್ಲ ಕೆಸರು. ಪಿ.ಟಿ. ಪೀರಿಯಡ್ಡಿನಲ್ಲಿ ನಾವು ವರಾಂಡದಲ್ಲಿ ಕೂರುವುದು, ಸರ್ ಕಥೆ ಹೇಳುವುದು. ಮಳೆ ಬರಲಿ ಅಂತ ಕಾಯುತ್ತಿದ್ದ ಹುಡುಗರು ಊರಲ್ಲಿ ನಾವೇ ಇರಬೇಕು.

ಕಥೆ ಬಹುತೇಕ 1971ರ ಭಾರತ-ಪಾಕಿಸ್ತಾನ ಯುದ್ಧದ್ದು. ಆಗ ಅವರು ಪೂರ್ವದ ಗಡಿಯಲ್ಲಿ ಎಂಐ-4 ಹೆಲಿಕಾಪ್ಟರುಗಳ ಜತೆ ಇದ್ದರು. ರಷ್ಯಾದ ಯಂತ್ರ. ಇಂಜಿನ್ ಮೂಗಿನೊಳಗೆ, ಪೈಲಟ್ ಅದರ ತಲೆಯ ಮೇಲೆ. ನಮ್ಮ ಕೆಂಪು ಬಸ್ಸಿನ ಬಾನೆಟ್ ಮೇಲೆ ಡ್ರೈವರನನ್ನು ಕೂರಿಸಿದ ಹಾಗೆ. ಅದರ ಸದ್ದು ದೂರದಿಂದಲೇ ಕೇಳುತ್ತದೆ. ಇಳಿಯುವಾಗ ವೇಗ ಇರುವುದಿಲ್ಲ, ಪಕ್ಕಕ್ಕೆ ಸರಿಯುವ ಹಾಗೂ ಇಲ್ಲ. ಸೈನಿಕರು ಹಿಂದಿನ ಬಾಗಿಲಿನಿಂದ ಇಳಿಯುವವರೆಗೆ ಪೈಲಟ್ ಸುಮ್ನೆ ಕೂತಿರಬೇಕು. ಗುಂಡು ಹಾರಿಸುವವನಿಗೆ ಅಷ್ಟು ಹೊತ್ತು ಸಾಕಲ್ವಾ?

ಆ ಡಿಸೆಂಬರ್ 7ರಂದು ಗೂರ್ಖಾ ಸೈನಿಕರನ್ನು ಆಗಿನ ಪೂರ್ವ ಪಾಕಿಸ್ತಾನ, ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಹತ್ತಿರ ಇಳಿಸುವ ಕೆಲಸ ಶುರುವಾಯಿತು. ಕೆಳಗಿನಿಂದ ಗುಂಡು. ಈ ಕೆಲಸದ ಹೊಣೆ ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗ್ ಅವರದು. ಸ್ಟೇಷನ್ ಕಮಾಂಡರ್ ಅಂದರೆ ನೆಲದ ಮೇಲೆ ಕೂತು ಹುಕುಂ ಕೊಡಬಹುದಿತ್ತು. ಅವರು ಆ ಒಂದೇ ರಾತ್ರಿಯಲ್ಲಿ ಎಂಟು ಸಲ ಶತ್ರುವಿನ ಜಾಗಕ್ಕೆ ಹಾರಿ ತಮ್ಮ ಪೈಲಟ್‌ಗಳ ಜತೆ ನಿಂತರು. ಅವರ ಹೆಲಿಕಾಪ್ಟರಿಗೂ ಗುಂಡು ಬಿತ್ತು. ಮುಂದೆ ಮಹಾವೀರ ಚಕ್ರ ಬಂತು. ಕಥೆ ಇಲ್ಲಿಗೆ ಬಂದಾಗ ಸರ್ ಸೀಟಿ ಕೈಗೆ ತೆಗೆದುಕೊಂಡು ಹೇಳುತ್ತಿದ್ದರು, "ಮೊದಲನೇ ಟ್ರಿಪ್ ಯಾರಾದ್ರೂ ಹೊಡೀತಾರ. ಗುಂಡು ಎಲ್ಲಿಂದ ಬರ್ತಾವು ಅಂತ ಗೊತ್ತಾದ ಮ್ಯಾಲೆ ಎರಡನೇ ಟ್ರಿಪ್ ಹೋಗ್ತಾನಲ್ಲ, ಅವನ್ನ ನೋಡ್ರಿ."

ಎರಡು ದಿನದ ಮೇಲೆ ಮೇಘನಾ ನದಿ. ಆಶುಗಂಜ್‌ನ ರೈಲು ಸೇತುವೆಯನ್ನು ಪಾಕಿಸ್ತಾನಿ ಸೇನೆ ಒಡೆದಿತ್ತು. ಅಲ್ಲಿ ನಮ್ಮ ಸೇನೆಯನ್ನು ನಡೆಸುತ್ತಿದ್ದ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ನಿಲ್ಲಲಿಲ್ಲ, ಸೈನಿಕರನ್ನು ಹೆಲಿಕಾಪ್ಟರಿನಲ್ಲೇ ದಾಟಿಸಿದರು. ಹಗಲು, ರಾತ್ರಿ ಹಾರಾಟ. ಸರ್ ಮತ್ತು ಅವರ ಜತೆಯವರ ಕೆಲಸ ಮಾತ್ರ ಒಂದೇ. ತೂತು ಹುಡುಕು, ತಗಡು ಬಡಿ, ರಿವೆಟ್ ಹೊಡಿ, ಬಿಡು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ.

ಗೆದ್ದ ಯುದ್ಧದ ಕಥೆ ಹೇಳುವುದು ಸುಲಭ. ನನಗೆ ಹೆಚ್ಚು ಕಾಡಿದ್ದು ಶ್ರೀಲಂಕಾದ ಜಾಫ್ನಾ, ನಮ್ಮ ಶಾಂತಿಪಾಲನಾ ಪಡೆ ಅಲ್ಲಿದ್ದಾಗಿನದು. 1987ರ ಅಕ್ಟೋಬರ್ 11ರ ರಾತ್ರಿ. ಅದರ ವಿವರ ನಾನು ಓದಿದ್ದು ಶಾಲೆ ಬಿಟ್ಟು ಎಷ್ಟೋ ವರ್ಷಕ್ಕೆ. ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನದಲ್ಲಿ ನಮ್ಮ ಎಂಐ-8 ಹೆಲಿಕಾಪ್ಟರುಗಳು ಪ್ಯಾರಾ ಕಮಾಂಡೋಗಳನ್ನು ಇಳಿಸಿದವು. ತಮಿಳು ಬಂಡುಕೋರರ ಎಲ್‌ಟಿಟಿಇ ಮೊದಲೇ ಕಾದು ಕೂತಿತ್ತು. ತೂತು ಬಿದ್ದ ಹೆಲಿಕಾಪ್ಟರುಗಳು ಪಲಾಲಿ ವಾಯುನೆಲೆಗೆ ಹೋಗಿ, ಇನ್ನಷ್ಟು ಜನರನ್ನು ಹತ್ತಿಸಿಕೊಂಡು, ಅದೇ ಮೈದಾನಕ್ಕೆ ಮತ್ತೆ ಬಂದವು. ಹದಿಮೂರನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನ ಇಳಿದರು. ಅಷ್ಟರಲ್ಲಿ ಯಂತ್ರಗಳು ಎಷ್ಟು ಹಾಳಾಗಿದ್ದವೆಂದರೆ ಉಳಿದವರನ್ನು ತರಲು ಆಗಲೇ ಇಲ್ಲ. ಆ 30ರಲ್ಲಿ 29 ಜನ ಸತ್ತರು, ಒಬ್ಬರು ಸೆರೆಯಾದರು. ಆ ರಾತ್ರಿಯ ಪೈಲಟ್‌ಗಳ ಧೈರ್ಯ ಸಿಲ್ಹೆಟ್‌ನದಕ್ಕಿಂತ ಕಡಿಮೆಯೇನಲ್ಲ. ಸೋತ ರಾತ್ರಿ ಅಂತ ಅದನ್ನು ಯಾರೂ ಜಾಸ್ತಿ ಹೇಳುವುದಿಲ್ಲ, ಅಷ್ಟೇ.

1999ರಲ್ಲಿ ಕಾರ್ಗಿಲ್ ನಡೆಯುವಾಗ ಸರ್ ಮನೆಗೆ ಹೋಗಿದ್ದೆ. ಮೇ 28ರಂದು ತೋಲೋಲಿಂಗ್ ಬಳಿ ನಮ್ಮ ಎಂಐ-17 ಒಂದನ್ನು ಕ್ಷಿಪಣಿ ಹೊಡೆದುರುಳಿಸಿತ್ತು. ಅದರಲ್ಲಿ ಫ್ಲೇರ್ ಇರಲಿಲ್ಲ. ಬಿಸಿ ಹುಡುಕಿ ಬರುವ ಕ್ಷಿಪಣಿಯನ್ನು ದಾರಿ ತಪ್ಪಿಸಲು ಉರಿಯುವ ಫ್ಲೇರ್ ಬಿಡುತ್ತಾರೆ. ಸರ್‌ಗೆ ಸಿಟ್ಟು ಇಳಿದೇ ಇರಲಿಲ್ಲ. "ಹುಡುಗ್ರು ಹೋಗ್ತೀನಿ ಅಂದ್ರು ಸರಿ. ಸಾಮಾನು ಹಾಕದ ಯಾಕ ಬಿಟ್ರು?" ಅಂದರು. ಅದರಲ್ಲಿ ಸತ್ತ ನಾಲ್ವರ ಹೆಸರೂ ಅವರಿಗೆ ಬಾಯಿಪಾಠ: ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಮುಹಿಲನ್, ಸಾರ್ಜೆಂಟ್ ಪ್ರಸಾದ್, ಸಾರ್ಜೆಂಟ್ ಸಾಹು. ಕೊನೆಯ ಎರಡನ್ನು ಸ್ವಲ್ಪ ಜೋರಾಗಿಯೇ ಹೇಳಿದರು. ಪೈಲಟ್‌ನ ಹಿಂದೆ ಕೂತವನೂ ಅದೇ ಗುಂಡಿಗೆ ಎದೆ ಕೊಟ್ಟಿರುತ್ತಾನೆ ಅಂತ ಅವರ ವಾದ.

ನಮ್ಮ ಬ್ಯಾಚಿನ ಗೆಳೆಯನೊಬ್ಬ ಮುಂದೆ ವಾಯುಪಡೆ ಸೇರಿ ಟೆಕ್ನಿಷಿಯನ್ ಆದ. ರಜೆಗೆ ಬಂದವನು ಸರ್ ಕಾಲಿಗೆ ಬಿದ್ದು, ಪೈಲಟ್ ಆಗಲು ಆಗಲಿಲ್ಲ ಅಂತ ಮುಖ ಸಣ್ಣ ಮಾಡಿಕೊಂಡ. ಸರ್ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಅದು ಇರ್ಲಿ, ಯಾವ ಇಂಜಿನ್ ಮ್ಯಾಲೆ ಹಾಕ್ಯಾರ ನಿನ್ನ?" ಅಂದರು. ಆಮೇಲೆ ಇಬ್ಬರೂ ಊಟದ ಹೊತ್ತು ಮೀರಿದರೂ ಎದ್ದೇಳಲಿಲ್ಲ. ನಾನು ಮಾತ್ರ ಹಸಿದು ಮನೆಗೆ ಹೋದೆ.